ಎಡ ಮೂಲೆಯ ಕೀ

“ಇನ್ನೊಂದು ಸಲ ಮಾಡಿ ಅನಿಲ್‌ಭಾಯಿ,” ಎಂದರು ಕಾಮಾಕ್ಷಿ.

“ಅರೇ ಬೆನ್, ಇನ್ನೂ ಎಷ್ಟು ಸಲ?” ಅನಿಲ್ ಹಿಂದಿಯಲ್ಲಿ ಗೊಣಗಿದ; ಬೆನ್ ಎಂದರೆ ಅವನ ಗುಜರಾತಿಯಲ್ಲಿ ಅಕ್ಕ. “ಭಾನುವಾರ ಮಧ್ಯಾಹ್ನ. ಮನೆಯಲ್ಲಿ ಹೆಂಡತಿ ಊಟಕ್ಕೆ ಕಾಯ್ತಿದ್ದಾಳೆ. ಫೈಲ್ ತೆಗಿ, ಮೊದಲನೇ ಸಾಲು ಅಳಿಸು, ಉಳಿಸದೆ ಹೊರಗೆ ಬಾ. ಇಷ್ಟೇ ತಾನೆ? ನನ್ನ ಮಗಳೂ ಮಾಡ್ತಾಳೆ.”

“ಮಗಳನ್ನೇ ಕಳಿಸಬೇಕಿತ್ತು. ಅವಳು ಇಷ್ಟು ಮಾತಾಡುತ್ತಿರಲಿಲ್ಲ.”

ಅನಿಲ್ ನಕ್ಕ. ಮೌಸ್ ಹಿಡಿದು ಮೊದಲನೇ ಸಾಲಿನ ಮೇಲೆ ಎಳೆದ, ಅಳಿಸಿದ, ಮೇಲಿನ ಮೂಲೆಯ ಕೆಂಪು ಗುರುತನ್ನು ಒತ್ತಿದ. ಪರದೆಯ ನಡುವೆ ಒಂದು ಸಣ್ಣ ಚೌಕ ಎದ್ದು ಬಂತು: ಬದಲಾವಣೆ ಉಳಿಸಬೇಕೇ? ಕೆಳಗೆ ಹೌದು, ಬೇಡ ಎಂದು ಎರಡು ಗುಂಡಿ. ಮೌಸ್ ಸೀದಾ ‘ಬೇಡ’ದ ಮೇಲೆ ಹೋಗಿ ಕೂತಿತು. ಪರದೆಯ ಕಿಟಕಿ ಮುಚ್ಚಿತು.

ಪಕ್ಕದಲ್ಲಿದ್ದ ಕೃಪಾ ಅದೇ ಫೈಲನ್ನು ಮತ್ತೆ ತೆರೆದಳು. “ಇದೆ ಆಂಟಿ. ಸಾಲು ಹಾಗೇ ಇದೆ.”

ಕಾಮಾಕ್ಷಿ ತಲೆಯಾಡಿಸಿ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. ವಡೋದರದ ಮಕರಪುರದಲ್ಲಿ ಕಾರ್ಖಾನೆಗಳೆಲ್ಲ ಶಟರ್ ಎಳೆದುಕೊಂಡು ಮಲಗಿದ್ದವು. ರಜೆಯ ದಿನ ಎ.ಸಿ. ಹಾಕಲು ಮಾಲೀಕರ ಅಪ್ಪಣೆ ಇರಲಿಲ್ಲ. ಫ್ಯಾನು ಬಿಸಿ ಗಾಳಿಯನ್ನೇ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಹಂಚುತ್ತಿತ್ತು.

ನಿನ್ನೆ ಹಗಲೆಲ್ಲ ಕಾಮಾಕ್ಷಿ ಸೂರತ್‌ನಲ್ಲಿದ್ದರು. ಅಲ್ಲಿನ ಸೀರೆ ಮಿಲ್ಲೊಂದರಲ್ಲಿ ಹಿಂದಿನ ವಾರ ಬಣ್ಣ ಹಾಕುವ ಯಂತ್ರ ಉಕ್ಕಿ, ರಾಕೇಶ್ ಎಂಬ ಕೆಲಸಗಾರನ ಎರಡೂ ಕೈ ಬೆಂದು ಹೋಗಿದ್ದವು. ಯಂತ್ರದ ಫೈಲಿನಲ್ಲಿ ಶಾಖದ ಮಿತಿ ಹೇಳುವ ಸಾಲೇ ಮಾಯವಾಗಿತ್ತು. ಅದನ್ನು ಅಳಿಸಿದವಳು ಕೃಪಾ ಎಂದು, ಯಂತ್ರಕ್ಕೆ ಕಂಟ್ರೋಲ್ ಪ್ಯಾನೆಲ್ ಮಾಡಿಕೊಟ್ಟ ಈ ಕಂಪನಿಯ ಮಾಲೀಕರು ನಾಳೆ ಬೆಳಿಗ್ಗೆ ಪೊಲೀಸರಿಗೆ ಹೇಳುವವರಿದ್ದರು.

ಆಸ್ಪತ್ರೆಯಲ್ಲಿ ರಾಕೇಶನ ಹೆಂಡತಿ ಅತ್ತಿರಲಿಲ್ಲ. ಗಂಡನಿಗೆ ಚಹಾವನ್ನು ಚಮಚದಲ್ಲಿ ಕುಡಿಸುತ್ತಾ, “ಯಾರು ಮಾಡಿದ್ದು ಅಂತ ಗೊತ್ತಾದರೆ ಇವರ ಕೈ ಬರುತ್ತಾ ಮಾಜೀ?” ಎಂದು ಕೇಳಿದ್ದಳು. ಆ ಪ್ರಶ್ನೆ ರೈಲಿನಲ್ಲಿ ಸೂರತ್‌ನಿಂದ ವಡೋದರದವರೆಗೂ ಕಾಮಾಕ್ಷಿಯವರ ಪಕ್ಕದ ಸೀಟಿನಲ್ಲೇ ಕೂತು ಬಂದಿತ್ತು.

“ಈಗ ನೀನು ಕೂತ್ಕೋ ಕೃಪಾ.”

“ನಾನಾ? ನನ್ನ ಮೇಲೇ ಅನುಮಾನನಾ ಆಂಟಿ?”

“ತಕ್ಕಡಿಗೆ ಎಲ್ಲರನ್ನೂ ಹಾಕಬೇಕಮ್ಮ. ಇಲ್ಲದಿದ್ದರೆ ಅಂಗಡಿಯವನೇ ಕಳ್ಳ ಅಂತಾರೆ.”

ಕೃಪಾ ತುಮಕೂರಿನವಳು. ಇದೇ ಊರಿನ ಮಂಜಲ್‌ಪುರದಲ್ಲಿ ಇನ್ನೊಬ್ಬ ಹುಡುಗಿಯ ಜೊತೆ ಮನೆ ಮಾಡಿಕೊಂಡಿದ್ದಳು. ಹಳೆಯ ಗೆಳತಿಯಾದ ಅವಳ ತಾಯಿ ಫೋನಿನಲ್ಲಿ ಅತ್ತದ್ದರಿಂದಲೇ ಕಾಮಾಕ್ಷಿ ಅಹಮದಾಬಾದಿನ ಬೋಪಾಲ್ ಬಡಾವಣೆಯ ತಮ್ಮ ಫ್ಲಾಟ್ ಬಿಟ್ಟು ಹೊರಟಿದ್ದು. ಕಂಪ್ಯೂಟರ್ ಬಗ್ಗೆ ತನಗೆ ಏನೂ ಗೊತ್ತಿಲ್ಲ ಎಂದು ಮೊದಲೇ ಹೇಳಿದ್ದರು. ನಿನ್ನೆ ರಾತ್ರಿ ಕೃಪಾಳೇ ಅನ್ನಕ್ಕೆ ಮಜ್ಜಿಗೆ ಕಲಸಿಕೊಳ್ಳುತ್ತಾ ವಿವರಿಸಿದ್ದಳು.

ಪಾಟಿ ಎನ್ನುವುದು ಬರೆಯಲು, ತಿದ್ದಲು ಇರುವ ಒಂದು ಪ್ರೋಗ್ರಾಂ. ಕಂಪನಿಯ ಹಿರಿಯ ಇಂಜಿನಿಯರ್ ಸದಾಶಿವ ತಮ್ಮ ಯೌವನದಲ್ಲಿ ಬರೆದದ್ದು. ಅವರ ಹುಬ್ಬಳ್ಳಿಯಲ್ಲೂ ಈ ಗುಜರಾತಿನಲ್ಲೂ ಮಕ್ಕಳ ಸ್ಲೇಟಿಗೆ ಪಾಟಿ ಎಂದೇ ಹೆಸರು, ಹಾಗಾಗಿ ಹೆಸರು ಹುಡುಕುವ ಕಷ್ಟ ಬರಲಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರ, ಮೌಸ್‌ಗೆ ಜಾಗವೇ ಇಲ್ಲ. ಕಂಪನಿಯ ಕಂಟ್ರೋಲ್ ಪ್ಯಾನೆಲ್‌ಗಳೆಲ್ಲ ಪಾಟಿಯಲ್ಲಿ ಬರೆದ ಫೈಲ್ ಓದಿಕೊಂಡೇ ಯಂತ್ರ ನಡೆಸುತ್ತವೆ.

ಈಗಿನವರಿಗೆ ಕಪ್ಪು ಪರದೆ ಕಂಡರೆ ಆಗದು. ಅದಕ್ಕಾಗಿ ಹೊಸ ಪಾಟಿ ತಯಾರಾಗುತ್ತಿತ್ತು. ಕಿಟಕಿ, ಮೆನು, ಮೌಸ್, ಬಣ್ಣ ಎಲ್ಲ ಇರುವಂಥದ್ದು. ಅದಿನ್ನೂ ಹಸಿ. ಎಲ್ಲಿ ಬಿರುಕಿದೆ ಎಂದು ಹುಡುಕುವುದು ಕೃಪಾಳ ಕೆಲಸ.

“ಮಡಕೆ ಕೊಳ್ಳುವಾಗ ತಟ್ಟಿ ನೋಡಲ್ವಾ ಆಂಟಿ? ನನಗೆ ಸಂಬಳ ಕೊಟ್ಟು ತಟ್ಟಿಸ್ತಾರೆ, ಅಷ್ಟೇ,” ಎಂದಿದ್ದಳು.

ಹೊಸ ಪಾಟಿಗೆ ಒಂದು ಕೆಟ್ಟ ಚಾಳಿ ಇತ್ತು. ತಾನು ಉಳಿಸಿದ ಪ್ರತಿ ಫೈಲಿನ ಕೊನೆಗೂ ಒಂದು ಖಾಲಿ ಸಾಲು ಬಿಡುತ್ತಿತ್ತು. ಸೂರತ್‌ನ ಯಂತ್ರದ ಫೈಲಿನ ಕೊನೆಯಲ್ಲೂ ಆ ಖಾಲಿ ಸಾಲು ಇತ್ತು. ಅಂದರೆ ಮಿತಿಯ ಸಾಲನ್ನು ಅಳಿಸಿದ್ದು ಹೊಸ ಪಾಟಿಯಿಂದಲೇ.

ಯಂತ್ರ ಉಕ್ಕುವ ಹಿಂದಿನ ದಿನ ಹೊಸ ಪಾಟಿ ಇದ್ದದ್ದು ಎರಡೇ ಕಡೆ. ಒಂದು ಕೃಪಾಳ ಲ್ಯಾಪ್‌ಟಾಪಿನಲ್ಲಿ. ಆ ದಿನ ತನ್ನ ಕೋಣೆಯಲ್ಲಿ ಒಬ್ಬಳೇ ಕೂತು ಕೆಲಸ ಮಾಡಿದ್ದ ಅವಳು ಅಲ್ಲಿಂದಲೇ ಗ್ರಾಹಕರ ಯಂತ್ರಗಳಿಗೆ ನೆಟ್ ಮೂಲಕ ಕೈ ಹಾಕಬಲ್ಲಳು. ಇನ್ನೊಂದು ಕಂಪನಿಯ ಕಿರಿಯ ಇಂಜಿನಿಯರ್ ಅನಿಲ್ ಸೂರತ್‌ಗೆ ಒಯ್ದ ಲ್ಯಾಪ್‌ಟಾಪಿನಲ್ಲಿ. ಮಿಲ್ಲಿನವರಿಗೆ ತೋರಿಸಲೆಂದು ಸದಾಶಿವರೂ ಅವನ ಜೊತೆ ಹೋಗಿದ್ದರು.

ಲ್ಯಾಪ್‌ಟಾಪನ್ನು ಯಂತ್ರಕ್ಕೆ ಜೋಡಿಸಿ ಮ್ಯಾನೇಜರ್ ಜೊತೆ ಊಟಕ್ಕೆ ಹೋದೆ ಎಂದು ಅನಿಲ್ ಹೇಳುತ್ತಿದ್ದ. ಖಾಲಿ ಹಾಳೆಯ ಮೇಲೆ ಮೆನು ತೋರಿಸಿದೆನಷ್ಟೇ ಎಂದು ಸದಾಶಿವ ಹೇಳುತ್ತಿದ್ದರು. ಉಳಿದದ್ದು ಕೃಪಾ. ಮಾಲೀಕರಿಗೆ ಲೆಕ್ಕ ಸುಲಭವಾಗಿತ್ತು. ಹೊರರಾಜ್ಯದ ಹುಡುಗಿ, ಹೊಸಬಳು, ಪರವಾಗಿ ಮಾತಾಡುವವರಿಲ್ಲ.

ಕೃಪಾ ಫೈಲ್ ತೆರೆದಳು, ಅಳಿಸಿದಳು, ಮುಚ್ಚಿದಳು. ಚೌಕ ಬಂತು. ಅವಳು ತಕ್ಷಣ ಒತ್ತಲಿಲ್ಲ. ಒಮ್ಮೆ ಓದಿ, ಬಾಣದ ಕೀಯಿಂದ ‘ಬೇಡ’ದ ಮೇಲೆ ಹೋಗಿ, ಆಮೇಲೆ ಒತ್ತಿದಳು. ಬಿಸಿ ಪಾತ್ರೆಯನ್ನು ಬಟ್ಟೆ ಹಿಡಿದು ಇಳಿಸುವವಳ ಹಾಗೆ.

ತಿರುಗಿ ತೆರೆದರೆ ಸಾಲು ಇತ್ತು.

“ಸದಾಶಿವ ಅವರೇ, ಇನ್ನು ನೀವು.”

ಕಿಟಕಿಯ ಬಳಿ ಕೂತಿದ್ದ ಸದಾಶಿವ ಎದ್ದರು. ತೆಳ್ಳಗಿನ ಆಳು, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ. “ಏನ್ ಪರೀಕ್ಷಾ ಹಚ್ಚೀರಿ ಅಕ್ಕಾರ. ನನ್ನ ಕೂಸಿನ ಮುಂದ ನಾನ ಪಾಠ ಒಪ್ಪಿಸ್ಬೇಕಾತು.”

“ಕೂಸು ಬೆಳೆದ ಮೇಲೆ ಹಾಗೇ ಅಲ್ಲವೇ?”

“ಖರೇ ಹೇಳಿದ್ರಿ. ಬೆಳೀತು, ಪ್ಯಾಂಟ್ ಹಾಕ್ಕೊಂತು, ನನ್ನ ಗುರ್ತ ಹಿಡೀವಲ್ದು.”

ಅಷ್ಟರಲ್ಲಿ ಕಾಮಾಕ್ಷಿಯವರ ಚೀಲದಲ್ಲಿ ಫೋನು ಬಡಿದುಕೊಂಡಿತು. ಅವರ ಗಂಡ ಅನಂತರಾಮ. ಬಾಹ್ಯಾಕಾಶ ಸಂಸ್ಥೆಯಲ್ಲಿ ಜೀವಮಾನವೆಲ್ಲ ಉಪಗ್ರಹದ ಬೆನ್ನು ಹತ್ತಿದವರು.

“ಸಾರಿನ ಪುಡಿ ಎಲ್ಲಿ?”

“ಒಲೆಯ ಮೇಲಿನ ಶೆಲ್ಫು. ಹಸಿರು ಮುಚ್ಚಳ.”

“ಹಸಿರು ಮುಚ್ಚಳದಲ್ಲಿ ಅರಿಸಿನ ಇದೆ.”

“ಅದು ಗಿಳಿ ಹಸಿರು. ನಾನು ಹೇಳಿದ್ದು ಕಡು ಹಸಿರು. ಇಡ್ತೀನಿ, ಕೆಲಸ ಇದೆ.”

ಅನಿಲ್‌ಗೆ ಭಾಷೆ ತಿಳಿಯದಿದ್ದರೂ ವಿಷಯ ತಿಳಿಯಿತು. “ನಮ್ಮ ಮನೆಯಲ್ಲೂ ಇದೇ ಬೆನ್,” ಎಂದ. ಸದಾಶಿವರೂ ಮುಗುಳ್ನಕ್ಕರು. ಆ ನಗು ಮುಗಿಯುವ ಮೊದಲೇ ಕಾಮಾಕ್ಷಿ ಕುರ್ಚಿ ತೋರಿಸಿದರು.

ಅವರು ಸಂಶೋಧನಾ ಸಂಸ್ಥೆಯೊಂದರ ಗೇಟ್‌ಪಾಸ್ ಕೌಂಟರಿನಲ್ಲಿ ಕೂತು ತಲೆ ಬೆಳ್ಳಗೆ ಮಾಡಿಕೊಂಡವರು. ದೊಡ್ಡ ದೊಡ್ಡ ಪದವಿಯವರು ಎದುರು ನಿಂತು ನಗುತ್ತಾ ಸುಳ್ಳು ಹೇಳಿದ್ದನ್ನು ಕಂಡಿದ್ದರು. ಬಾಯಿ ಸುಳ್ಳು ಹೇಳುವಾಗ ಕೈ ಚೀಲದ ಕಡೆ ಹೋಗುತ್ತದೆ. ಅವರು ಮುಖ ನೋಡುವುದನ್ನು ಆಗಲೇ ಬಿಟ್ಟಿದ್ದರು.

ಇಂದು ಬೆಳಿಗ್ಗೆ ಈ ಆಫೀಸಿಗೆ ಬಂದು ನೀರು ಕೇಳಿದಾಗ ಸದಾಶಿವರ ಮೇಜಿನ ಮೇಲೆ ಅವರಿಗೆ ಒಂದು ವಸ್ತು ಕಂಡಿತ್ತು. ಹಳೆಯ ಕೀಬೋರ್ಡು. ಎಲ್ಲ ಕೀಗಳ ಮೇಲೂ ಅಕ್ಷರ ಅರೆಬರೆ ಉಳಿದಿತ್ತು. ಎಡಗಡೆ ಮೇಲಿನ ಮೂಲೆಯ ಒಂದು ಕೀ ಮಾತ್ರ ಬೋಳಾಗಿ, ನಡುವೆ ತಗ್ಗು ಬಿದ್ದು, ದೇವರ ಮನೆಯ ಹೊಸ್ತಿಲಿನ ಹಾಗೆ ಹೊಳೆಯುತ್ತಿತ್ತು. ಇದ್ಯಾವುದು ಎಂದು ಕೃಪಾಳನ್ನು ಕೇಳಿದ್ದರು. “ಎಸ್ಕೇಪ್ ಆಂಟಿ. ಹಳೇ ಪಾಟಿಯವರೆಲ್ಲ ಅದನ್ನೇ ಕುಟ್ತಾರೆ.”

ಆಗ ಕಾಮಾಕ್ಷಿ ನೀರು ಕುಡಿದು ಲೋಟ ಹಿಂದಿರುಗಿಸಿದ್ದರು.

ಸದಾಶಿವರ ಬೆರಳುಗಳು ಕೀಬೋರ್ಡಿನ ಮೇಲೆ ಕೂತವು. ಮೌಸನ್ನು ಅವರು ನೋಡಲೂ ಇಲ್ಲ. ಫೈಲ್ ತೆರೆಯಿತು, ಮೊದಲನೇ ಸಾಲು ಹೋಯಿತು, ಮುಚ್ಚುವ ಅಪ್ಪಣೆ ಕೊಟ್ಟರು. ಚೌಕ ಎದ್ದಿತು: ಬದಲಾವಣೆ ಉಳಿಸಬೇಕೇ?

ಚೌಕದ ಅಕ್ಷರ ಪೂರ್ತಿ ಮೂಡುವ ಮೊದಲೇ ಎಡಗೈಯ ಬೆರಳು ಮೂಲೆಗೆ ಹಾರಿ ಎಸ್ಕೇಪ್ ಒತ್ತಿತ್ತು.

ಕಿಟಕಿ ಮುಚ್ಚಿತು.

“ಆತು ನೋಡ್ರಿ,” ಎಂದರು ಸದಾಶಿವ.

“ಏನು ಒತ್ತಿದಿರಿ?”

“ಏನಿಲ್ಲ. ಬ್ಯಾಡ ಅಂದೆ.”

“ಕೃಪಾ, ತೆಗೆದು ನೋಡು.”

ಕೃಪಾ ತೆಗೆದಳು. ಮೊದಲನೇ ಸಾಲು ಇರಲಿಲ್ಲ.

ಅನಿಲ್ ಬಗ್ಗಿ ನೋಡಿದ. “ಅರೇ! ಇದು ಹೇಗೆ?”

ಸದಾಶಿವ ಪರದೆಯನ್ನೇ ನೋಡುತ್ತಿದ್ದರು. ಅವರ ಕೈ ಮೇಜಿನಿಂದ ತೊಡೆಗೆ ಇಳಿಯಿತು.

“ಇನ್ನೊಂದು ಸಲ ಮಾಡ್ತೀರಾ?” ಎಂದು ಕೇಳಿದರು ಕಾಮಾಕ್ಷಿ. ದನಿಯಲ್ಲಿ ಗೆಲುವು ಇರಲಿಲ್ಲ. ಮೊಣಕಾಲು ನೋಯುತ್ತಿತ್ತು.

“ಬ್ಯಾಡ್ರಿ.”

“ಹಳೇ ಪಾಟಿಯಲ್ಲಿ ಆ ಕೀ ಒತ್ತಿದರೆ ಏನಾಗುತ್ತಿತ್ತು?”

“ಏನೂ ಆಗ್ತಿದ್ದಿಲ್ರಿ. ಅದಕ್ಕ ಇಟ್ಟಿದ್ದೆ ಅದನ್ನ. ಮನಷಾ ಗಾಬರಿ ಆದಾಗ ಒಂದು ಜಾಗಾ ಬೇಕ್ರಿ, ಕೈ ಇಡಾಕ. ಎಲ್ಲಾ ಬಿಡು, ಏನೂ ಮಾಡಬ್ಯಾಡ, ಹಿಂದ ಸರಿ ಅಂತ. ಇಷ್ಟು ವರ್ಷ ಎಷ್ಟೋ ಮಂದಿ ಫೈಲ್ ಆ ಕೀನ ಕಾಯ್ದದ.”

“ಹೊಸದರಲ್ಲಿ?”

ಉತ್ತರ ಕೃಪಾ ಕೊಟ್ಟಳು, ಮೆಲ್ಲಗೆ. “ಹೊಸದರಲ್ಲಿ ಆ ಚೌಕದ ಮುಂದೆ ಎಸ್ಕೇಪ್ ಒತ್ತಿದರೆ ಅದು ‘ಹೌದು’ ಅಂತ ತಗೊಳ್ಳುತ್ತೆ ಆಂಟಿ. ತಪ್ಪು ಅದು. ನಾನು ಹಿಡಿದಿದ್ದೆ. ಸರ್‌ಗೆ ಹೇಳಿದ್ದೆ.”

“ಅವರೇನಂದರು?”

“ಅದು ಸಣ್ಣದು, ಆಮೇಲೆ ನೋಡೋಣ ಅಂದ್ರು. ಮೌಸ್ ಇರುವಾಗ ಎಸ್ಕೇಪ್ ಯಾರು ಒತ್ತಾರ ತಂಗೀ ಅಂತ ನಕ್ಕರು. ಎಲ್ಲರ ಎದುರಿಗೆ.”

ಫ್ಯಾನು ಕರಕರ ಎಂದಿತು. ಅನಿಲ್ ಒಮ್ಮೆ ಸದಾಶಿವರ ಮುಖ, ಒಮ್ಮೆ ನೆಲ ನೋಡಿದ. ಅವರ ಕೈಕೆಳಗೇ ಕೆಲಸ ಕಲಿತವನು ಅವನು. “ನಾನು ಚಹಾ ಹೇಳಿ ಬರ್ತೀನಿ,” ಎಂದು ಹೊರಟವನನ್ನು ಯಾರೂ ತಡೆಯಲಿಲ್ಲ.

ಬಾಗಿಲು ಮುಚ್ಚಿದ ಮೇಲೆ ಕಾಮಾಕ್ಷಿ ಕುರ್ಚಿಯನ್ನು ಸದಾಶಿವರ ಎದುರಿಗೆ ಎಳೆದುಕೊಂಡರು.

“ಸೂರತ್‌ನಲ್ಲಿ ನೀವು ತೋರಿಸಿದ್ದು ಖಾಲಿ ಹಾಳೆ ಅಲ್ಲ.”

“ಅಲ್ರಿ.”

“ಯಂತ್ರದ ಫೈಲನ್ನೇ ತೆರೆದಿರಿ.”

“ಹೂಂ ರೀ. ಅನಿಲ್ ಊಟಕ್ಕ ಹೋಗಿದ್ದ. ಅಳಿಸಿದೆ, ಹೊರಗ ಬಂದೆ. ಏನೂ ಆಗಿಲ್ಲ ಅಂತ ತಿಳಕೊಂಡೆ. ಮರುದಿನ ಯಂತ್ರ ಉಕ್ಕಿತು ಅಂತ ಸುದ್ದಿ ಬಂತು. ಆಗೂ ನಂಗ ಹೊಳೀಲಿಲ್ರಿ. ಆ ಖಾಲಿ ಸಾಲಿನ ಮಾತು ಎದ್ದಾಗ ಹೊಳೀತ್ರಿ.”

“ಹೊಳೆದ ಮೇಲೆ?”

ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ. “ಹೇಳ್ಬೇಕಿತ್ರಿ. ದಿನಾ ಬೆಳಿಗ್ಗೆ ಇವತ್ತು ಹೇಳ್ತೀನಿ ಅಂತ ಬರ್ತಿದ್ದೆ. ಮಾಲೀಕರ ಕ್ಯಾಬಿನ್ ತನಕ ಹೋಗ್ತಿದ್ದೆ. ಬಾಯಿ ಬರಲಿಲ್ಲ. ನನ್ನ ಪಾಟೀನ ಒಬ್ಬನ ಕೈ ತಿಂತು ಅಂತ ಹ್ಯಾಂಗ ಹೇಳ್ಲಿ?”

“ಮಾಲೀಕರು ಈ ಹುಡುಗಿಯ ಹೆಸರು ಹೇಳುವಾಗಲೂ ಬಾಯಿ ಬರಲಿಲ್ಲವೇ?”

ಆ ಮಾತು ಚುರುಕ್ಕೆಂದಿತು. ಕಾಮಾಕ್ಷಿಗೆ ಗೊತ್ತಿತ್ತು, ಚುರುಕ್ಕೆನ್ನಲಿ ಎಂದೇ ಹೇಳಿದ್ದರು. ಕೆಟ್ಟ ಮನುಷ್ಯನಲ್ಲ ಇವರು. ಆದರೆ ಒಳ್ಳೆಯವರು ಹೆದರಿದರೆ ಆಗುವ ನಷ್ಟವನ್ನು ಬೇರೆ ಯಾರೋ ತುಂಬಬೇಕಾಗುತ್ತದೆ. ಅದನ್ನು ಅವರು ಕೌಂಟರಿನಲ್ಲಿ ಕೂತು ಬೇಕಾದಷ್ಟು ನೋಡಿದ್ದರು.

“ಸಂಜೆ ಮಾಲೀಕರ ಮನೆಗೆ ಹೋಗೋಣ,” ಎಂದರು. “ನಾನೂ ಬರ್ತೀನಿ. ನೀವು ಹೇಳಿ. ಬಾಯಿ ಬರದಿದ್ದರೆ ನಾನು ಹೇಳ್ತೀನಿ, ನೀವು ಹೂಂ ಅನ್ನಿ. ಇದು ಬೇಕಂತ ಮಾಡಿದ್ದಲ್ಲ. ಬೆರಳಿನ ರೂಢಿ. ಪೊಲೀಸರಿಗೂ ಇಲ್ಲೇ ಕೂರಿಸಿ ತೋರಿಸಬಹುದು.”

“ಬರ್ತೀನ್ರಿ.”

ಕೃಪಾಳ ಮುಖದಲ್ಲಿ ಹಗುರಾದ ಗುರುತು ಕಾಣುತ್ತದೇನೋ ಎಂದು ಕಾಮಾಕ್ಷಿ ನೋಡಿದರು. ಇನ್ನೂ ಕಾಣಲಿಲ್ಲ. ವಾರವೆಲ್ಲ ನಿದ್ದೆ ಇಲ್ಲದ ಹುಡುಗಿ, ತಡವಾಗಿ ಬಂದೀತು ಅಂದುಕೊಂಡರು. ತಮಗೂ ಸಾಕಾಗಿತ್ತು. ಸಂಜೆ ಆ ಒಂದು ಕೆಲಸ ಮುಗಿಸಿ, ಸಿಕ್ಕ ಗಾಡಿ ಹಿಡಿದು ಬೋಪಾಲ್ ಸೇರಿ, ಕಾಲು ಚಾಚಿ ಮಲಗಿದರೆ ಸಾಕು.

ಚೀಲ ಕೈಗೆ ತೆಗೆದುಕೊಂಡವರು ಗೇಟಿನ ಅಭ್ಯಾಸಕ್ಕೆ ಒಂದು ಮಾತು ಕೇಳಿದರು. ಪಾಸಿನಲ್ಲಿ ಎಲ್ಲ ಸರಿ ಇದ್ದರೂ ಹೋಗುವವರನ್ನು ಒಂದು ಕೇಳಿಯೇ ಕಳಿಸುತ್ತಿದ್ದರು.

“ಅಲ್ಲ ಸದಾಶಿವ ಅವರೇ, ಮೆನು ತೋರಿಸಲು ಹೋದವರು ಸಾಲು ಅಳಿಸಿದ್ದೇಕೆ? ಅದೂ ಮಿತಿಯ ಸಾಲನ್ನೇ?”

“ನಾ ಆರಿಸಿದ್ದಲ್ರಿ ಅದನ್ನ. ಮೊದಲಿನ ಸಾಲು ಅಳಸ್ರಿ, ಉಳಿಸದ ಹೊರಗ ಬರ್ರಿ, ಏನಾಗ್ತದ ಹೇಳ್ರಿ ಅಂದ್ರು. ಮಾಡಿದೆ. ನಮ್ಮ ಯಂತ್ರದ ಫೈಲ್‌ನ್ಯಾಗ ಮೊದಲಿನ ಸಾಲು ಮಿತೀದs ಇರ್ತದ.”

ಕಾಮಾಕ್ಷಿ ಚೀಲವನ್ನು ಮತ್ತೆ ಮೇಜಿನ ಮೇಲಿಟ್ಟರು.

“ಯಾರು ಅಂದದ್ದು? ಮಿಲ್ಲಿನವರಾ?”

“ಅವರಿಗೇನ್ ತಿಳೀತದ್ರಿ.”

“ಅನಿಲ್?”

“ಅಂವ ಇದ್ದಿದ್ದಿಲ್ಲ ಅಂದೆನಲ್ರಿ.” ಸದಾಶಿವ ಕನ್ನಡಕ ಹಾಕಿಕೊಂಡು ಕೃಪಾಳ ಕಡೆ ನೋಡಿದರು. ದೂರುವ ನೋಟವಾಗಿರಲಿಲ್ಲ ಅದು. ದಣಿದ ಮನುಷ್ಯನೊಬ್ಬ ಜೊತೆಯವರನ್ನು ನೋಡಿದ ಹಾಗಿತ್ತು. “ಈಕಿ ಫೋನ್ ಮಾಡಿದ್ಲು. ಸರ್, ಹೊಸಾದು ಹ್ಯಾಂಗ ನಡದದ, ಒಂದು ಸಣ್ಣ ಪರೀಕ್ಷಾ ಮಾಡಿ ನೋಡ್ರಿ ಅಂದ್ಲು. ಮಾಡಿ, ಏನೂ ಆಗ್ಲಿಲ್ಲ ತಂಗೀ ಅಂದೆ. ಸರಿ ಸರ್ ಅಂದು ಇಟ್ಲು. ನಾ ಫೈಲ್ ಮುಟ್ಟಿದ್ದು ಹೊರಗ ಬೀಳ್ತದಂತ ಫೋನಿನ ಮಾತೂ ನಾ ಎತ್ತಲಿಲ್ಲ.”

ಕಾಮಾಕ್ಷಿ ಕೃಪಾಳ ಕಡೆ ತಿರುಗಿದರು. ನಿನ್ನೆ ರಾತ್ರಿ ಇದೇ ಹುಡುಗಿ ಎಲ್ಲವನ್ನೂ ಹೇಳಿದ್ದಳು. ಪಾಟಿ, ಮಡಕೆ, ಖಾಲಿ ಸಾಲು, ಎಲ್ಲ. ಫೋನು ಮಾಡಿದ್ದನ್ನು ಮಾತ್ರ ಹೇಳಿರಲಿಲ್ಲ.

“ಆಂಟಿ, ಸರ್ ಆಫೀಸಿನಲ್ಲಿದ್ದಾರೆ ಅಂದ್ಕೊಂಡಿದ್ದೆ,” ಎಂದಳು ಕೃಪಾ. ಮಾತು ಅವಸರವಾಗಿ ಬಂತು. “ಅವರಾಗಲಿ ಆ ಲ್ಯಾಪ್‌ಟಾಪ್ ಆಗಲಿ ಸೂರತ್‌ಗೆ ಹೋಗಿದ್ದು ನನಗೆ ಗೊತ್ತೇ ಇರಲಿಲ್ಲ. ಇಲ್ಲಿ ಸುಮ್ಮನೆ ಪರೀಕ್ಷೆಗೆ ಇಟ್ಟಿರೋ ಫೈಲ್ ಇದೆಯಲ್ಲ, ಅದನ್ನೇ ತೆಗೀತಾರೆ ಅಂದ್ಕೊಂಡೆ. ಅವರ ಬೆರಳಿಗೇ ಒಮ್ಮೆ ತಗುಲಿದರೆ ನನ್ನ ಮಾತು ನಂಬ್ತಾರೆ ಅಂತ ಮಾಡಿದ್ದು, ಅಷ್ಟೇ. ದೇವರಾಣೆ.”

ನಂಬಬಹುದಾದ ಮಾತು. ಕಾಮಾಕ್ಷಿಗೆ ನಂಬಲು ಮನಸ್ಸೂ ಇತ್ತು. ಎಲ್ಲರ ಎದುರು ನಕ್ಕವರಿಗೆ ಅವರ ತಪ್ಪನ್ನು ತೋರಿಸಿಕೊಡಬೇಕು ಎನ್ನುವ ಹಟ ವಯಸ್ಸಿನ ಗುಣ; ಅದಕ್ಕಾಗಿ ಯಾರನ್ನೂ ಜೈಲಿಗೆ ಹಾಕುವುದಿಲ್ಲ.

“ಹೌದು ತಂಗೀ, ನಾನs ಹೇಳ್ಬೇಕಿತ್ತು ಮಿಲ್‌ನ್ಯಾಗ ಇದ್ದೀನಿ ಅಂತ,” ಎಂದರು ಸದಾಶಿವ, ಅವಳಿಗೆ ಆಸರೆಯಾಗುವ ಹಾಗೆ. “ಆ ಗದ್ದಲದಾಗ ಏನ್ ಹೇಳೋದು. ಬಣ್ಣದ ಯಂತ್ರದ ಮಗ್ಗಲಕ ನಿಂತ್ರ ನಮ್ಮ ಮಾತು ನಮಗ ಕೇಳಂಗಿಲ್ಲ. ನಾನೂ ಒದರಿದೆ, ಆಕಿನೂ ಒದರಿದ್ಲು. ಹಂಗೂ ಹಿಂಗೂ ತಿಳಕೊಂಡ್ವಿ.”

ಅವರು ಅದನ್ನು ಹೇಳಿ ಮುಗಿಸಿ ಕನ್ನಡಕ ಸರಿ ಮಾಡಿಕೊಂಡರು. ತಾವು ಏನು ಹೇಳಿದೆವು ಎಂಬುದು ಅವರಿಗೆ ಗೊತ್ತಾಗಲಿಲ್ಲ.

ಕೃಪಾಳಿಗೆ ಗೊತ್ತಾಯಿತು. ಲ್ಯಾಪ್‌ಟಾಪ್ ಮುಚ್ಚಲು ಹೋಗಿದ್ದ ಅವಳ ಕೈ ಅರ್ಧದಲ್ಲೇ ನಿಂತಿತು.

ಕಾಮಾಕ್ಷಿ ಆ ಕೈಯನ್ನೇ ನೋಡಿದರು. ಬಾಗಿಲಾಚೆ ಅನಿಲ್‌ನ ಚಪ್ಪಲಿಯ ಸದ್ದು ಹತ್ತಿರವಾಗುತ್ತಿತ್ತು.

“ನೀನು ಮಂಜಲ್‌ಪುರದಲ್ಲಿ ನಿನ್ನ ಕೋಣೆಯಲ್ಲಿ ಒಬ್ಬಳೇ ಇದ್ದೆ,” ಎಂದರು ಮೆಲ್ಲಗೆ. “ಸರ್ ಈ ಆಫೀಸಿನಲ್ಲಿದ್ದಾರೆ ಅಂದುಕೊಂಡಿದ್ದವಳು ಯಾಕೆ ಕೂಗಿ ಮಾತಾಡಿದೆ, ಕೃಪಾ?”